ದಿಮ್ಮಿಗೆ ಕಟ್ಟಿದ ಬೆಲೆ, ನೆಲಕ್ಕೆ ಕಟ್ಟದ ಬೆಲೆ

ಮಧ್ಯ ಆಫ್ರಿಕಾದ ಮಳೆಕಾಡುಗಳಲ್ಲಿ ನಾಟಾ ಕಂಪನಿಗಳು ಒಂದು ಹೆಕ್ಟೇರಿಗೆ ಸಾಮಾನ್ಯವಾಗಿ ಒಂದೋ ಎರಡೋ ಮರಗಳನ್ನು ಮಾತ್ರ ಕಡಿಯುತ್ತವೆ. ಉಳಿದ ನೂರಾರು ಮರಗಳನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಆದರೆ ಕಡಿದ ಆ ಒಂದು ಮರ ಒಂಟಿಯಾಗಿ ಬೀಳುವುದಿಲ್ಲ. ನೆತ್ತಿಯಲ್ಲಿ ಅದನ್ನು ಅಕ್ಕಪಕ್ಕದ ಮರಗಳಿಗೆ ಬಿಗಿದಿರುವ ದಪ್ಪ ಬಳ್ಳಿಗಳು ನೆರೆಮರಗಳ ಕೊಂಬೆಗಳನ್ನೂ, ಕೆಲವೊಮ್ಮೆ ಇಡೀ ಮರಗಳನ್ನೂ ಜೊತೆಗೆ ಎಳೆದುಕೊಂಡು ಬರುತ್ತವೆ. ಬಿದ್ದ ದಿಮ್ಮಿಯನ್ನು ರಸ್ತೆಗೆ ಎಳೆಯಲು ಬುಲ್ಡೋಜರ್ ಹೋದ ದಾರಿಯಲ್ಲಿ ಸಸಿಗಳು ನೆಲಸಮವಾಗಿ, ಮಣ್ಣು ಗಟ್ಟಿಯಾಗಿ, ಮುಂದಿನ ಮಳೆಗೆ ಅದೇ ದಾರಿ ಕೆಸರಿನ ಕಾಲುವೆಯಾಗಿ ಹೊಳೆ ಸೇರುತ್ತದೆ. ಬಂದರಿನಲ್ಲಿ ದಿಮ್ಮಿಯ ಬೆಲೆ ಗೊತ್ತಾಗುವಾಗ ಗರಗಸದವನ ಕೂಲಿ, ಡೀಸೆಲ್, ಲಾರಿ ಬಾಡಿಗೆ, ಹಡಗಿನ ಸಾಗಣೆ, ಮಧ್ಯವರ್ತಿಯ ಕಮಿಷನ್, ಸರ್ಕಾರಕ್ಕೆ ಕಟ್ಟಿದ ರಾಜಧನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೆಸರಾದ ಹೊಳೆ, ಉರುಳಿದ ನೆರೆಮರ, ಗಾಳಿಗೆ ಸೇರಿದ ಇಂಗಾಲ ಇವು ಮಾತ್ರ ಯಾರ ಖಾತೆಗೂ ಬೀಳುವುದಿಲ್ಲ.

ಹೀಗೆ ಬಿಟ್ಟುಹೋದ ವೆಚ್ಚವನ್ನು ತೆರಿಗೆಯ ಮೂಲಕ ಬೆಲೆಯೊಳಕ್ಕೆ ತರಬೇಕೆಂಬ ವಿಚಾರಕ್ಕೆ ನೂರು ವರ್ಷ ದಾಟಿದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗು 1920ರಲ್ಲಿ ಅದನ್ನು ಕ್ರಮಬದ್ಧವಾಗಿ ಮುಂದಿಟ್ಟರು: ಒಬ್ಬನ ಉತ್ಪಾದನೆಯಿಂದ ಮತ್ತೊಬ್ಬನಿಗೆ ನಷ್ಟವಾಗುತ್ತಿದ್ದರೆ, ಆ ನಷ್ಟದಷ್ಟೇ ತೆರಿಗೆಯನ್ನು ಉತ್ಪಾದಕನ ಮೇಲೆ ಹಾಕಿದಾಗ ಅವನು ತಾನಾಗಿಯೇ ಉತ್ಪಾದನೆಯನ್ನು ತಗ್ಗಿಸುತ್ತಾನೆ. ಕಾರ್ಖಾನೆಯ ಹೊಗೆಗೆ ಹೊಂದುವ ಈ ತರ್ಕ ಕಾಡಿಗೂ ಹೊಂದಬೇಕು ಎನಿಸುವುದು ಸಹಜ. ಆಮದು ಸುಂಕ, ರಫ್ತು ತೆರಿಗೆ, ಹೆಚ್ಚಿನ ರಾಜಧನ, ಪ್ರಮಾಣಪತ್ರ, ಇಂಗಾಲದ ಪಾವತಿ ಹೀಗೆ ನಾನಾ ರೂಪಗಳಲ್ಲಿ ಈ ತರ್ಕವನ್ನು ಉಷ್ಣವಲಯದ ಕಾಡುಗಳ ಮೇಲೆ ಪ್ರಯೋಗಿಸಲಾಗಿದೆ. ತರ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬೆಲೆ ಕಟ್ಟಿದ ಜಾಗ ಮಾತ್ರ ಬಹುಮಟ್ಟಿಗೆ ತಪ್ಪಿತು ಎಂಬುದು ಈ ಲೇಖನದ ವಾದ. ಮರದ ಬೆಲೆಯನ್ನು ಬಂದರಿನಲ್ಲಿ ಏರಿಸಲು ಹೊರಟರು. ಕಾಡು ಉಳಿಯಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ನೆಲದ ಬೆಲೆಯಲ್ಲಿ.

ಬಂದರಿನ ಪ್ರಯೋಗಕ್ಕೆ ಆಸ್ಟ್ರಿಯಾ ಒಳ್ಳೆಯ ಉದಾಹರಣೆ. 1992ರಲ್ಲಿ ಆ ದೇಶ ಉಷ್ಣವಲಯದ ನಾಟಾಕ್ಕೂ ಅದರಿಂದ ಮಾಡಿದ ಸಾಮಾನಿಗೂ ಕಡ್ಡಾಯವಾಗಿ ಗುರುತಿನ ಚೀಟಿ ಅಂಟಿಸಬೇಕೆಂದು ಕಾನೂನು ಮಾಡಿತು. ಮಲೇಷ್ಯಾ ಮತ್ತು ಇಂಡೊನೇಷ್ಯಾ ತಕ್ಷಣ ಇದನ್ನು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಗ್ಯಾಟ್ ವೇದಿಕೆಗೆ ಒಯ್ದವು. ಅವುಗಳ ಆಕ್ಷೇಪ ಸರಳವಾಗಿತ್ತು: ಚೀಟಿ ನಮ್ಮ ಮರಕ್ಕೆ ಮಾತ್ರ ಏಕೆ, ನಿಮ್ಮ ಗುಡ್ಡಗಳ ಸ್ಪ್ರೂಸ್ ಮರಕ್ಕೆ ಏಕಿಲ್ಲ? ಆಸ್ಟ್ರಿಯಾದ ಬಳಿ ಇದಕ್ಕೆ ಸಮಾಧಾನಕರ ಉತ್ತರವಿರಲಿಲ್ಲ. 1993ರಲ್ಲಿ ಕಡ್ಡಾಯದ ನಿಯಮ ರದ್ದಾಯಿತು. ಆ ಸೋಲನ್ನು ಬರೀ ರಾಜತಾಂತ್ರಿಕ ಒತ್ತಡದ ಫಲವೆಂದು ತಳ್ಳಿಹಾಕುವವರಿದ್ದಾರೆ. ಆದರೆ ಮಲೇಷ್ಯಾದ ಪ್ರಶ್ನೆಯಲ್ಲಿ ಹುರುಳಿತ್ತು. ಪರಿಸರದ ವೆಚ್ಚವನ್ನು ಬೆಲೆಗೆ ಸೇರಿಸುವುದೇ ಗುರಿಯಾಗಿದ್ದರೆ ಅದು ಮರ ಬೆಳೆದ ಅಕ್ಷಾಂಶವನ್ನು ನೋಡಬಾರದು, ಕಡಿದ ರೀತಿಯನ್ನು ನೋಡಬೇಕು.

ನಿಯಮ ಉಳಿದಿದ್ದರೂ ಅದರ ಪರಿಣಾಮ ಅಷ್ಟಕ್ಕಷ್ಟೇ ಆಗುತ್ತಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಕಾಡು ಮತ್ತು ನೆಡುತೋಪುಗಳಿಂದ ಹೊರಬರುವ ಸುಮಾರು 400 ಕೋಟಿ ಘನ ಮೀಟರ್ ಮರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸೌದೆಯಾಗಿ, ಇದ್ದಿಲಾಗಿ ಉರಿದುಹೋಗುತ್ತದೆ. ಆಫ್ರಿಕಾದಲ್ಲಂತೂ ಸೌದೆಯ ಪಾಲು ಇನ್ನೂ ದೊಡ್ಡದು. ಉಷ್ಣವಲಯದ ಮಿಕ್ಕ ನಾಟಾದಲ್ಲೂ ಬಹುಪಾಲು ಆ ದೇಶಗಳೊಳಗೇ ಮನೆಗಳ ಕಿಟಕಿ ಬಾಗಿಲುಗಳಿಗೆ, ಕಟ್ಟಡದ ಸೆಂಟ್ರಿಂಗಿಗೆ, ಪೀಠೋಪಕರಣಕ್ಕೆ ಖರ್ಚಾಗುತ್ತದೆ. ಹಡಗು ಏರುವುದು ಕೊನೆಗೆ ಉಳಿದ ಸಣ್ಣ ಭಾಗ. ಅದರಲ್ಲಿ ಪರಿಸರದ ಬಗ್ಗೆ ತಲೆಕೆಡಿಸಿಕೊಳ್ಳುವ ದೇಶಗಳನ್ನು ತಲುಪುವುದು ಇನ್ನೂ ಸಣ್ಣ ಭಾಗ.

ಇಷ್ಟೇ ಆಗಿದ್ದರೆ ಸುಂಕ ನಿಷ್ಪ್ರಯೋಜಕ, ಆದರೆ ನಿರುಪದ್ರವಿ ಎಂದು ಸುಮ್ಮನಿರಬಹುದಿತ್ತು. ಅದು ತಿರುಗಿ ಹೊಡೆಯುವ ಸಾಧ್ಯತೆಯೂ ಇದೆ, ಮತ್ತು ಈ ವಿಷಯದಲ್ಲಿ ನಿಧಾನಿಸಿ ನೋಡಬೇಕಾದದ್ದು ಇದನ್ನೇ. ಜರ್ಮನಿಯ ಅರಣ್ಯ ತಜ್ಞ ಮಾರ್ಟಿನ್ ಫೌಸ್ಟ್‌ಮನ್ 1849ರಲ್ಲಿ ಒಂದು ಸೂತ್ರ ಕೊಟ್ಟರು. ಕಾಡಿರುವ ನೆಲದ ಬೆಲೆಯೆಂದರೆ ಅಲ್ಲಿ ಇಂದಿನಿಂದ ಎಂದೆಂದಿಗೂ ಬೆಳೆದು ಕಡಿಯಬಹುದಾದ ಮರಗಳ ನಿವ್ವಳ ಆದಾಯವನ್ನು ಇಂದಿನ ಮೌಲ್ಯಕ್ಕೆ ಇಳಿಸಿದಾಗ ಬರುವ ಮೊತ್ತ. ನಾಟಾದ ಬೆಲೆ ಏರಿದರೆ ಈ ಮೊತ್ತವೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಹೊರದೇಶದ ಸುಂಕವಾಗಲಿ ಬಹಿಷ್ಕಾರವಾಗಲಿ ದಿಮ್ಮಿಗೆ ಕಾಡಿನಂಚಿನಲ್ಲಿ ಸಿಗುವ ಬೆಲೆಯನ್ನು ತಗ್ಗಿಸಿದರೆ, ನಿಂತ ಕಾಡಿನ ಆರ್ಥಿಕ ಮೌಲ್ಯವೂ ಅದರೊಡನೆ ತಗ್ಗುತ್ತದೆ. ಪಕ್ಕದ ಹುಲ್ಲುಗಾವಲಿನ ಅಥವಾ ತಾಳೆ ತೋಟದ ಮೌಲ್ಯ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ನೆಲದ ಒಡೆಯ ಏನು ಮಾಡುತ್ತಾನೆಂದು ಊಹಿಸಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಈ ತರ್ಕಕ್ಕೂ ಒಂದು ಮಿತಿಯಿದೆ: ಕಾಡಿಗೆ ಸ್ಪಷ್ಟ ಒಡೆಯನೊಬ್ಬನಿದ್ದು, ಅವನು ಮೂವತ್ತು ವರ್ಷ ಮುಂದಿನ ಕಡಿತಲೆಯ ಆದಾಯವನ್ನು ಇಂದೇ ಲೆಕ್ಕ ಹಾಕುತ್ತಾನೆ ಎಂದು ಅದು ನಂಬಿಕೊಂಡಿದೆ. ಉಷ್ಣವಲಯದ ಗಡಿಕಾಡುಗಳಲ್ಲಿ ಅಂಥ ಒಡೆಯರು ಅಪರೂಪ.

ದಿಮ್ಮಿಯ ಬೆಲೆ ಕೃತಕವಾಗಿ ಇಳಿದಾಗ ಏನಾಗುತ್ತದೆ ಎಂಬುದಕ್ಕೆ ಇಂಡೊನೇಷ್ಯಾ ತನಗೆ ತಾನೇ ಉದಾಹರಣೆಯಾಯಿತು. ಆ ದೇಶ 1980ರ ದಶಕದ ಆರಂಭದಿಂದ ಹಂತಹಂತವಾಗಿ ಬಿಗಿಮಾಡುತ್ತ 1985ರ ಹೊತ್ತಿಗೆ ದಿಮ್ಮಿಗಳ ರಫ್ತನ್ನು ಪೂರ್ತಿ ನಿಲ್ಲಿಸಿತು. ಉದ್ದೇಶ ಕಾಡಿನ ರಕ್ಷಣೆಗಿಂತ ಹೆಚ್ಚಾಗಿ ಪ್ಲೈವುಡ್ ಉದ್ಯಮದ ಬೆಳವಣಿಗೆಯಾಗಿತ್ತು. ಉದ್ಯಮ ಬೆಳೆದದ್ದೂ ನಿಜ. ಕೆಲವೇ ವರ್ಷಗಳಲ್ಲಿ ಇಂಡೊನೇಷ್ಯಾ ಜಗತ್ತಿಗೆ ಅತಿ ಹೆಚ್ಚು ಪ್ಲೈವುಡ್ ಮಾರುವ ದೇಶವಾಯಿತು. ಆದರೆ ಹೊರಗೆ ಮಾರುವಂತಿಲ್ಲದ ದಿಮ್ಮಿ ದೇಶದೊಳಗೆ ಅಗ್ಗವಾಯಿತು. ಅಗ್ಗದ ದಿಮ್ಮಿಯನ್ನು ಯಾರೂ ಜೋಪಾನ ಮಾಡುವುದಿಲ್ಲ. ಪ್ಲೈವುಡ್ ಮಿಲ್ಲಿನಲ್ಲಿ ದಿಮ್ಮಿಯನ್ನು ತಿರುಗಿಸುತ್ತ ಉದ್ದನೆಯ ಅಲಗಿನಿಂದ ತೆಳುವಾದ ಹಾಳೆಯಂತೆ ಸುಲಿಯುತ್ತಾರೆ. ಅಲಗು ಮೊಂಡಾಗಿದ್ದರೆ ಹಾಳೆ ಹರಿಯುತ್ತದೆ, ಯಂತ್ರ ಹಳೆಯದಾಗಿದ್ದರೆ ನಡುವಿನ ದಪ್ಪ ತಿರುಳು ಸುಲಿಯದೆ ಉಳಿಯುತ್ತದೆ. ದುಬಾರಿ ಆಮದು ದಿಮ್ಮಿಯನ್ನು ನಂಬಿದ್ದ ಜಪಾನಿನ ಮಿಲ್ಲುಗಳು ಆ ತಿರುಳನ್ನು ತೆಳುವಾಗುವವರೆಗೆ ಸುಲಿಯುತ್ತಿದ್ದರೆ, ಇಂಡೊನೇಷ್ಯಾದ ಮಿಲ್ಲುಗಳು ಅಷ್ಟೇ ಪ್ಲೈವುಡ್ಡಿಗೆ ಹೆಚ್ಚು ಮರ ನುಂಗಿದವು. ರಫ್ತು ನಿಂತರೂ ಕಡಿತಲೆ ನಿಲ್ಲದಿದ್ದುದಕ್ಕೆ ಕಾರಣ ಇದು.

ನಿಷೇಧ ಒಂದು ದೇಶದ ಗಡಿಯೊಳಗೆ ಗೆದ್ದರೂ ಗಡಿಯಾಚೆ ಸೋಲಬಹುದು. 1988ರ ನವೆಂಬರ್ ತಿಂಗಳಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು, ಬೋಳಾದ ಗುಡ್ಡಗಳಿಂದ ಮಣ್ಣು ಮತ್ತು ದಿಮ್ಮಿಗಳು ಹಳ್ಳಿಗಳ ಮೇಲೆ ಕುಸಿದ ನಂತರ, 1989ರ ಆರಂಭದಲ್ಲಿ ಸರ್ಕಾರ ದೇಶದಾದ್ಯಂತ ಕಡಿತಲೆಯನ್ನು ನಿಷೇಧಿಸಿತು. ಥಾಯ್ ವ್ಯಾಪಾರಿಗಳು ಮ್ಯಾನ್ಮಾರ್, ಲಾವೋಸ್, ಕಾಂಬೋಡಿಯಾಗಳ ಕಡೆ ಮುಖ ಮಾಡಿದರು. ಯಾಂಗ್ಟ್ಸೆ ನದಿಯ ಮಹಾಪೂರದ ನಂತರ 1998ರಲ್ಲಿ ಚೀನಾ ತನ್ನ ಸಹಜಾರಣ್ಯಗಳ ಕಡಿತಲೆಯನ್ನು ಬಿಗಿಗೊಳಿಸಿದಾಗ ಅದರ ಆಮದು ಏರುತ್ತ ಹೋಗಿ, ಕೆಲವೇ ವರ್ಷಗಳಲ್ಲಿ ಅದು ಉಷ್ಣವಲಯದ ದಿಮ್ಮಿಗಳ ಅತಿ ದೊಡ್ಡ ಗಿರಾಕಿಯಾಯಿತು. ವಿಯೆಟ್ನಾಮಿನ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು 1987ರಿಂದ 2006ರವರೆಗೆ ಅಲ್ಲಿ ಮರಳಿ ಬೆಳೆದ ಕಾಡಿನ ಸುಮಾರು ಐದರಲ್ಲಿ ಎರಡು ಪಾಲಿನಷ್ಟು ಕಡಿತಲೆ ನೆರೆದೇಶಗಳಿಗೆ ವರ್ಗವಾಗಿತ್ತು ಎಂದು ಲೆಕ್ಕ ಹಾಕಿತು. ಉಳಿದ ಮೂರು ಪಾಲು ನಿಜವಾದ ಗಳಿಕೆ ಎಂಬುದನ್ನೂ ಮರೆಯಬಾರದು. ಕಡಿತಲೆ ಹೀಗೆ ಗಡಿಯಾಚೆ ಜಾರುವ ಸೋರಿಕೆಯ ಮಾತೆತ್ತುವವರು ಇದನ್ನು ಹೇಳುವುದು ಕಡಿಮೆ.

ಹಾಗಾದರೆ ಉಷ್ಣವಲಯದ ಕಾಡು ಹೋಗುತ್ತಿರುವುದು ಎಲ್ಲಿಗೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ 2025ರ ಲೆಕ್ಕದ ಪ್ರಕಾರ 2015ರಿಂದ 2025ರವರೆಗೆ ಜಗತ್ತಿನಲ್ಲಿ ವರ್ಷಕ್ಕೆ 1.09 ಕೋಟಿ ಹೆಕ್ಟೇರ್ ಅರಣ್ಯ ನಾಶವಾಗಿದೆ. 1990ರ ದಶಕದಲ್ಲಿ ಇದು 1.76 ಕೋಟಿ ಹೆಕ್ಟೇರ್ ಇತ್ತು. ಅದೇ ಸಂಘಟನೆ ಉಪಗ್ರಹ ಚಿತ್ರಗಳನ್ನು ಆಧರಿಸಿ 2021ರಲ್ಲಿ ಹೇಳಿದಂತೆ ಅರಣ್ಯನಾಶದ ಹೆಚ್ಚುಕಡಿಮೆ ಶೇ. 90ಕ್ಕೆ ಕೃಷಿಯ ವಿಸ್ತರಣೆ ಕಾರಣ: ಅರ್ಧಕ್ಕಿಂತ ಹೆಚ್ಚು ಬೆಳೆ ಭೂಮಿಗಾಗಿ, ಶೇ. 40ರ ಹತ್ತಿರ ದನಗಳ ಮೇವಿಗಾಗಿ. ಅಮೆಜಾನಿನಲ್ಲಿ ಕಾಡು ಸುಟ್ಟು ಹುಲ್ಲು ಬಿತ್ತುವವನಿಗೆ ಅಲ್ಲಿದ್ದ ಮರದ ಬೆಲೆ ಮುಖ್ಯವಾಗಿದ್ದರೆ ಅವನು ಅದನ್ನು ಸುಡುತ್ತಲೇ ಇರಲಿಲ್ಲ. ಅವನಿಗೆ ಬೇಕಿರುವುದು ನೆಲ, ಹಾಗೂ ನೆಲವನ್ನು ತೆರವು ಮಾಡಿದರೆ ಹಕ್ಕು ಸ್ಥಾಪಿತವಾದೀತು ಎಂಬ ಭರವಸೆ.

ಹಾಗೆಂದು ನಾಟಾ ವ್ಯಾಪಾರ ನಿರ್ದೋಷಿಯೆಂದು ತೀರ್ಪು ಕೊಡುವಂತಿಲ್ಲ. ಕಾಡಿನೊಳಕ್ಕೆ ಮೊದಲ ರಸ್ತೆ ಮಾಡಿಕೊಡುವುದು ಹಲವೆಡೆ ದಿಮ್ಮಿಯ ಲಾರಿಯೇ. ಬ್ರೆಜಿಲಿನ ಅಮೆಜಾನಿನಲ್ಲಿ ನಡೆದ ಅರಣ್ಯನಾಶದ ಸುಮಾರು ಶೇ. 95ರಷ್ಟು ರಸ್ತೆಯಿಂದ ಐದೂವರೆ ಕಿಲೋಮೀಟರ್ ಅಥವಾ ನದಿಯಿಂದ ಒಂದು ಕಿಲೋಮೀಟರ್ ಒಳಗೇ ಇದೆ ಎಂದು 2014ರ ಅಧ್ಯಯನವೊಂದು ತೋರಿಸಿತು. ಬೆಲೆಬಾಳುವ ನಾಲ್ಕು ಮರಗಳಿಗಾಗಿ ಮಾಡಿದ ದಾರಿಯಲ್ಲಿ ನಂತರ ಬೇಟೆಗಾರ ಬರುತ್ತಾನೆ, ಆಮೇಲೆ ಬೆಂಕಿಪೊಟ್ಟಣ ಹಿಡಿದ ಸಾಗುವಳಿದಾರ ಬರುತ್ತಾನೆ. ದಿಮ್ಮಿಯ ಮೇಲೆ ತೆರಿಗೆ ಹಾಕುವವರು ದಿಮ್ಮಿಯನ್ನು ಎಣಿಸುತ್ತಾರೆ. ಈ ರಸ್ತೆಯನ್ನು ಯಾರೂ ಎಣಿಸುವುದಿಲ್ಲ. ಕೆಲಸ ಮುಗಿದ ಮೇಲೆ ಸೇತುವೆ ಕಿತ್ತು ರಸ್ತೆ ಮುಚ್ಚದ ಗುತ್ತಿಗೆದಾರನಿಗೆ ಭದ್ರತಾ ಠೇವಣಿ ವಾಪಸು ಸಿಗದು ಎಂಬ ಒಂದು ಷರತ್ತು ಬಂದರಿನ ಸುಂಕಕ್ಕಿಂತ ಹೆಚ್ಚು ಕಾಡು ಉಳಿಸಬಲ್ಲದು ಎಂದು ನನ್ನ ಅಂದಾಜು.

ಗುತ್ತಿಗೆಯ ಷರತ್ತುಗಳಲ್ಲೇ ಎಡವಿದ ಕಥೆ ಹಳೆಯದು. ಇಂಡೊನೇಷ್ಯಾದಲ್ಲಿ ಆಯ್ದು ಕಡಿಯುವ ಪದ್ಧತಿಯ ಆವರ್ತ ಆಗ 35 ವರ್ಷವಾಗಿತ್ತು. ಅಂದರೆ ಒಮ್ಮೆ ದೊಡ್ಡ ಮರ ಕಡಿದ ಜಾಗಕ್ಕೆ ಮೂವತ್ತೈದು ವರ್ಷ ಬಿಟ್ಟು ಮತ್ತೆ ಬರಬೇಕಿತ್ತು. ಕಂಪನಿಗಳಿಗೆ ಕೊಟ್ಟ ಗುತ್ತಿಗೆಯ ಅವಧಿ ಮಾತ್ರ 20 ವರ್ಷವಾಗಿತ್ತು. ಎರಡನೆಯ ಫಸಲು ತನ್ನದಲ್ಲ ಎಂದು ಗೊತ್ತಿರುವವನು ಮೊದಲ ಫಸಲಿನಲ್ಲಿ ಎಳೆಯ ಮರಗಳನ್ನು ಏಕೆ ಕಾಪಾಡುತ್ತಾನೆ? ಅದೂ ಅಲ್ಲದೆ ಬಹುತೇಕ ದೇಶಗಳಲ್ಲಿ ನಿಂತ ಮರಕ್ಕೆ ಸರ್ಕಾರ ಪಡೆಯುತ್ತಿದ್ದ ರಾಜಧನ ಅದರ ನಿಜ ಮೌಲ್ಯದ ಸಣ್ಣ ಭಾಗವಾಗಿದ್ದು, ಉಳಿದ ಲಾಭ ಗುತ್ತಿಗೆ ಹಿಡಿದವನ ಮತ್ತು ಗುತ್ತಿಗೆ ಕೊಡಿಸಿದವನ ಕಿಸೆ ಸೇರುತ್ತಿತ್ತು. ಪರಿಸರದ ವೆಚ್ಚದ ಮಾತು ಹಾಗಿರಲಿ, ಸಾಮಾನ್ಯ ಮಾಲೀಕನೊಬ್ಬ ತನ್ನ ಸರಕಿಗೆ ಕೇಳುವ ಬೆಲೆಯನ್ನೂ ಸರ್ಕಾರಗಳು ಕೇಳಲಿಲ್ಲ.

ಕಡಿಯುವ ರೀತಿಗೇ ಬೆಲೆ ಕಟ್ಟಿದರೆ ಫಲ ಬೇಗ ಕಾಣುತ್ತದೆ ಎಂಬುದಕ್ಕೆ ಮಲೇಷ್ಯಾದ ಸಬಾ ರಾಜ್ಯದಲ್ಲಿ 1992ರಲ್ಲಿ ಶುರುವಾದ ಒಂದು ಚಿಕ್ಕ ಯೋಜನೆ ಸಾಕ್ಷಿ. ಅಮೆರಿಕದ ವಿದ್ಯುತ್ ಕಂಪನಿಯೊಂದು ತನ್ನ ಹೊಗೆಯ ಲೆಕ್ಕ ಸರಿದೂಗಿಸಲು ಅಲ್ಲಿನ 1,400 ಹೆಕ್ಟೇರ್ ಕಾಡಿನಲ್ಲಿ ಎಚ್ಚರದ ಕಡಿತಲೆಗೆ ತಗಲುವ ಹೆಚ್ಚುವರಿ ಖರ್ಚನ್ನು ಕೊಟ್ಟಿತು. ಮರ ಬೀಳಿಸುವ ತಿಂಗಳುಗಳ ಮೊದಲೇ ಬಳ್ಳಿಗಳನ್ನು ಕಡಿದು ಒಣಗಲು ಬಿಟ್ಟರು. ದಿಮ್ಮಿ ಎಳೆಯುವ ದಾರಿಗಳನ್ನು ಮುಂಚೆಯೇ ನಕ್ಷೆಯಲ್ಲಿ ಗುರುತಿಸಿದರು. ಮರ ಯಾವ ದಿಕ್ಕಿಗೆ ಬೀಳಬೇಕೆಂದು ನೋಡಿ ಗರಗಸ ಹಾಕಿದರು. ಉಳಿದ ಮರಗಳಿಗೆ ಆದ ಹಾನಿ ಮಾಮೂಲಿ ಕಡಿತಲೆಯ ಅರ್ಧಕ್ಕಿಂತ ಕಡಿಮೆಯಾಯಿತು. ಇದಕ್ಕೆ ಬೇಕಾದದ್ದು ತರಬೇತಿ, ಮತ್ತು ಆ ತರಬೇತಿಯ ಸಂಬಳ ಕೊಡುವ ಯಾರೋ ಒಬ್ಬರು.

ಆ ಸಂಬಳವನ್ನು ಗ್ರಾಹಕನೇ ಕೊಡಲಿ ಎಂಬುದು ಪ್ರಮಾಣಪತ್ರದ ದಾರಿ. 1993ರಲ್ಲಿ ಸ್ಥಾಪನೆಯಾದ, ಕಾಡನ್ನು ಸರಿಯಾಗಿ ನೋಡಿಕೊಳ್ಳುವವರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ ಎಫ್‌ಎಸ್‌ಸಿ ಹುಟ್ಟಿದ್ದೇ ಉಷ್ಣವಲಯದ ಕಾಡಿನ ಕಾಳಜಿಯಿಂದ. ಆದರೆ ಪ್ರಮಾಣಪತ್ರ ಪಡೆದ ಕಾಡುಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿವೆ. ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಕಾಡಿಗೆ ಚೀಟಿ ಪಡೆಯುವುದು ಸುಲಭ, ಕೆಟ್ಟದ್ದನ್ನು ತಿದ್ದಿ ಪಡೆಯುವುದು ದುಬಾರಿ. ಅಂಗಡಿಯಲ್ಲಿ ಸಿಗುವ ಹೆಚ್ಚುವರಿ ಬೆಲೆ ಆ ಖರ್ಚನ್ನು ತುಂಬುವುದಿಲ್ಲ. ಈ ಕೊರತೆಯನ್ನು ಮಧ್ಯ ಆಫ್ರಿಕಾದ ಗ್ಯಾಬೊನ್ ಬೇರೆ ರೀತಿಯಲ್ಲಿ ತುಂಬಲು ಹೊರಟಿದೆ: ಅಲ್ಲಿ ಪ್ರಮಾಣಪತ್ರವಿರುವ ಗುತ್ತಿಗೆಗಳಿಗೆ ಹೆಕ್ಟೇರ್‌ವಾರು ತೆರಿಗೆ ಕಡಿಮೆ, ಇಲ್ಲದವಕ್ಕೆ ಹೆಚ್ಚು. ಬೆಲೆಯ ಸಂಕೇತ ದೂರದ ಗಿರಾಕಿಯ ಮನಸ್ಸನ್ನು ಕಾಯದೆ ನೇರವಾಗಿ ಕಾಡಿನ ಗುತ್ತಿಗೆದಾರನಿಗೇ ಮುಟ್ಟುತ್ತದೆ.

ಆದರೆ ನೆಲದ ಬೆಲೆಯೊಡನೆ ಸೆಣಸಬೇಕಾದರೆ ಇಂಗಾಲವೇ ಬೇಕು. ಉದಾಹರಣೆಗೆ ಒಂದು ಹೆಕ್ಟೇರ್ ಮಳೆಕಾಡಿನ ಮರಗಳಲ್ಲಿ 150 ಟನ್ ಇಂಗಾಲವಿದೆ ಎಂದುಕೊಳ್ಳೋಣ. ಸುಟ್ಟಾಗ ಅದು ಸುಮಾರು 550 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಟನ್ನಿಗೆ ಬರೀ 5 ಡಾಲರ್ ಎಂದರೂ 2,750 ಡಾಲರ್ ಆಯಿತು. ಗಡಿಕಾಡಿನಲ್ಲಿ ಹೊಸದಾಗಿ ತೆರವಾದ ಮೇವಿನ ನೆಲಕ್ಕೆ ಅಷ್ಟು ಬೆಲೆ ಬರುವುದು ಕಷ್ಟ. ಕಾಗದದ ಮೇಲೆ ಕಾಡು ಗೆದ್ದಿತು. 2007ರ ಬಾಲಿ ಹವಾಮಾನ ಸಮ್ಮೇಳನದಿಂದ ಬೆಳೆದುಬಂದ, ಕಾಡು ಉಳಿಸಿದ್ದಕ್ಕೆ ಹಣ ಕೊಡುವ ರೆಡ್ ಪ್ಲಸ್ ವ್ಯವಸ್ಥೆಯ ಉತ್ಸಾಹಕ್ಕೆ ಈ ಲೆಕ್ಕವೇ ಮೂಲ. ತೊಡಕು ಬಂದದ್ದು ಮಾರಾಟದ ಸರಕಿನಲ್ಲಿ. ಇಲ್ಲಿ ಮಾರುವುದು ಆಗದೇ ಇದ್ದ ಕಡಿತಲೆಯನ್ನು, ಆಗದೇ ಇದ್ದದ್ದನ್ನು ಯಾರೂ ಅಳೆಯಲಾರರು. ಯೋಜನೆ ಇಲ್ಲದಿದ್ದರೆ ಎಷ್ಟು ಕಾಡು ಹೋಗುತ್ತಿತ್ತು ಎಂಬ ಅಂದಾಜನ್ನು ಉಬ್ಬಿಸಿದಷ್ಟೂ ಮಾರಬಹುದಾದ ಇಂಗಾಲದ ಕ್ರೆಡಿಟ್ ಹೆಚ್ಚಾಗುತ್ತದೆ. ಹಲವು ಸ್ವಯಂಪ್ರೇರಿತ ಯೋಜನೆಗಳಲ್ಲಿ ಹಾಗೇ ಆಗಿತ್ತೆಂದು ಈಚಿನ ವರ್ಷಗಳ ಅಧ್ಯಯನಗಳು ತೋರಿಸಿವೆ.

ಕೋಸ್ಟರಿಕಾ ಈ ಗೊಂದಲಕ್ಕೆ ಸಿಲುಕದೆ ಸರಳ ದಾರಿ ಹಿಡಿಯಿತು. 1996ರ ಅರಣ್ಯ ಕಾನೂನಿನಂತೆ ಅಲ್ಲಿ ಇಂಧನದ ಮೇಲಿನ ತೆರಿಗೆಯ ಒಂದು ಭಾಗ ಕಾಡು ಉಳಿಸಿಕೊಂಡ ಜಮೀನುದಾರರಿಗೆ ಹೋಗುತ್ತದೆ. ಅದೇ ಕಾನೂನು ಕಾಡನ್ನು ಬೇರೆ ಬಳಕೆಗೆ ಬದಲಿಸುವುದನ್ನೂ ನಿಷೇಧಿಸಿತು. 1980ರ ದಶಕದಲ್ಲಿ ದೇಶದ ಕಾಲು ಭಾಗದ ಆಸುಪಾಸಿಗೆ ಇಳಿದಿದ್ದ ಕಾಡು ಈಗ ಅರ್ಧಕ್ಕಿಂತ ಹೆಚ್ಚಿದೆ. ಇದನ್ನೆಲ್ಲ ಪಾವತಿಯ ಖಾತೆಗೆ ಬರೆಯುವುದು ಅತಿಯಾದೀತು. ದನದ ಮಾಂಸದ ಬೆಲೆ ಕುಸಿದು, ಪಶುಪಾಲನೆಗೆ ಸಿಗುತ್ತಿದ್ದ ಅಗ್ಗದ ಸಾಲ ನಿಂತದ್ದರಿಂದ ಕಾಡಿನ ಚೇತರಿಕೆ ಕಾನೂನಿಗಿಂತ ಮೊದಲೇ ಶುರುವಾಗಿತ್ತು. ಕಾಡಿಗೆ ಬೆಲೆ ಕಟ್ಟುವ ಮುನ್ನ ಕಾಡಿನ ಶತ್ರುವಿಗೆ ಕೊಡುತ್ತಿದ್ದ ಸಬ್ಸಿಡಿ ನಿಂತಿತ್ತು ಎನ್ನುವುದು ಇಲ್ಲಿ ಗಮನಿಸಬೇಕಾದ ಅನುಕ್ರಮ.

ಬ್ರೆಜಿಲಿನಲ್ಲೂ ಸಾಲದ ಬಾಗಿಲು ಕೆಲಸ ಮಾಡಿತು. ಅಲ್ಲಿನ ಅಮೆಜಾನಿನಲ್ಲಿ ವಾರ್ಷಿಕ ಅರಣ್ಯನಾಶ 2004ರಲ್ಲಿ 27,772 ಚದರ ಕಿಲೋಮೀಟರ್ ಇದ್ದದ್ದು 2012ರಲ್ಲಿ 4,571ಕ್ಕೆ ಇಳಿಯಿತು. ಉಪಗ್ರಹದ ಕಣ್ಗಾವಲು, ಅಕ್ರಮವಾಗಿ ತೆರವಾದ ಜಮೀನುಗಳ ಮೇಲೆ ನಿರ್ಬಂಧ, ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂಬ ವ್ಯಾಪಾರಿಗಳ 2006ರ ಒಪ್ಪಂದ, ಜೊತೆಗೆ 2008ರಲ್ಲಿ ಪರಿಸರ ನಿಯಮ ಪಾಲಿಸಿದ ದಾಖಲೆ ಇಲ್ಲದವರಿಗೆ ಕೃಷಿ ಸಾಲವಿಲ್ಲ ಎಂದು ಬ್ಯಾಂಕುಗಳಿಗೆ ಹಾಕಿದ ಷರತ್ತು ಇದಕ್ಕೆ ಕಾರಣಗಳು. ಜಾರಿ ಸಡಿಲವಾದಾಗ ಅಂಕಿ 2021ರಲ್ಲಿ 13,038ಕ್ಕೆ ಏರಿತು. ಮತ್ತೆ ಬಿಗಿಯಾದಾಗ 2025ರಲ್ಲಿ 5,796ಕ್ಕೆ ಬಂತು. ಈ ಏರಿಳಿತದಲ್ಲಿ ಯಾವ ದೇಶದ ನಾಟಾ ಸುಂಕವೂ ಹೇಳಿಕೊಳ್ಳುವಂಥ ಪಾತ್ರ ವಹಿಸಿಲ್ಲ. ಕಾಡು ಕಡಿದ ನೆಲಕ್ಕೆ ಸಾಲ ಸಿಗದಿದ್ದರೆ ಆ ನೆಲ ಅಷ್ಟರಮಟ್ಟಿಗೆ ಅಗ್ಗ. ತೆರಿಗೆ ಎಂಬ ಹೆಸರಿಲ್ಲದಿದ್ದರೂ ಇದು ಬೆಲೆಯೇ.

ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಹಿಂದಿನ ನಾಟಾ ನಿಯಮ ಮರ ಕಾನೂನುಬದ್ಧವೇ ಎಂದಷ್ಟೇ ಕೇಳುತ್ತಿತ್ತು. ಹೊಸದು ನಾಟಾದ ಜೊತೆ ದನ, ಸೋಯಾ, ತಾಳೆ ಎಣ್ಣೆ, ಕಾಫಿ, ಕೋಕೋ, ರಬ್ಬರುಗಳನ್ನೂ ಸೇರಿಸಿ, ಅವು ಬೆಳೆದ ಜಮೀನಿನ ಭೌಗೋಳಿಕ ಗುರುತು ಕೇಳುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಸರಕಿಗೆ ಬಾಗಿಲು ಮುಚ್ಚುತ್ತದೆ. ಅಂದರೆ ಗಮನ ಕೊನೆಗೂ ದಿಮ್ಮಿಯಿಂದ ನೆಲಕ್ಕೆ ಇಳಿದಿದೆ. ಎರಡು ಹೆಕ್ಟೇರಿನ ಕೋಕೋ ರೈತನಿಗೆ ಈ ಗುರುತು ಮಾಡಿಸುವ ಖರ್ಚು ದೊಡ್ಡ ತೋಟದವನಿಗಿಂತ ಎಷ್ಟೋ ಭಾರ ಎಂಬ ದೂರು ನ್ಯಾಯವಾದದ್ದು. ನಿಯಮ ಜಾರಿಯಾಗಬೇಕಿದ್ದ ದಿನ ಎರಡು ಸಲ ಮುಂದಕ್ಕೆ ಹೋಗಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಎಂದಾಗಿದೆ. ಈ ನಡುವೆ ನಿಯಮಕ್ಕೆ ತಯಾರಾಗಿ ಖರ್ಚು ಮಾಡಿದವನು ಮೂರ್ಖನಾದ, ಕಾದು ಕುಳಿತವನು ಜಾಣನಾದ.

2025ರ ನವೆಂಬರ್‌ನಲ್ಲಿ ಬೆಲೆಂ ನಗರದ ಹವಾಮಾನ ಸಮ್ಮೇಳನದಲ್ಲಿ ಬ್ರೆಜಿಲ್ ಮುಂದಿಟ್ಟ ಉಷ್ಣವಲಯದ ಶಾಶ್ವತ ಅರಣ್ಯ ನಿಧಿ ನಿಂತ ಕಾಡಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4 ಡಾಲರ್ ಕೊಡುವ ಯೋಜನೆ. ಗುರಿ 12,500 ಕೋಟಿ ಡಾಲರ್ ಮೂಲಧನ. ಅದನ್ನು ಹೂಡಿ ಬಂದ ಆದಾಯದಿಂದ ಪಾವತಿ. ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಊಹೆಯ ಲೆಕ್ಕ ಇಲ್ಲಿಲ್ಲ. ಉಪಗ್ರಹ ನೋಡಿ ಇರುವ ಕಾಡನ್ನು ಎಣಿಸಿದರಾಯಿತು. ನಾಲ್ಕು ಡಾಲರ್ ಎಂದರೆ ಯಾವ ದನಗಾಹಿಯೂ ನಕ್ಕಾನು. ಆದರೆ ಯೋಜನೆಯ ವಿನ್ಯಾಸದಲ್ಲಿ ಹಲ್ಲಿರುವುದು ಕಡಿತದ ಕಲಮಿನಲ್ಲಿ: ನಾಶವಾದ ಪ್ರತಿ ಹೆಕ್ಟೇರಿಗೆ ನೂರು ಅಥವಾ ಅದಕ್ಕೂ ಹೆಚ್ಚು ಹೆಕ್ಟೇರಿನ ಪಾವತಿಯನ್ನು ಮುರಿದುಕೊಳ್ಳಲಾಗುತ್ತದೆ. ಹಾಗೆ ನೋಡಿದರೆ ಒಂದು ಹೆಕ್ಟೇರ್ ಕಡಿದದ್ದಕ್ಕೆ ದೇಶ ಕಳೆದುಕೊಳ್ಳುವುದು 400 ಡಾಲರ್ ಇಲ್ಲವೇ ಅದಕ್ಕೂ ಹೆಚ್ಚು. ಕಳೆದುಕೊಳ್ಳುವುದು ಹಣಕಾಸು ಸಚಿವಾಲಯ, ಕಡಿಯುವುದು ರಾಜಧಾನಿಯಿಂದ ಸಾವಿರ ಕಿಲೋಮೀಟರ್ ಆಚೆಯ ಯಾರೋ. ಸಚಿವಾಲಯದ ನಷ್ಟ ಯಾವ ಕಾನೂನಿನ, ಯಾವ ಸಾಲದ ಷರತ್ತಿನ, ಯಾವ ಪಹರೆಯ ರೂಪದಲ್ಲಿ ಅವನ ತನಕ ತಲುಪುತ್ತದೆ ಎಂಬುದನ್ನು ನಿಧಿ ಆಯಾ ದೇಶಕ್ಕೆ ಬಿಟ್ಟಿದೆ. ಪಾವತಿಯ ಐದನೆಯ ಒಂದು ಭಾಗ ಮೂಲನಿವಾಸಿ ಮತ್ತು ಸ್ಥಳೀಯ ಸಮುದಾಯಗಳಿಗೆ ಸಲ್ಲಬೇಕು ಎಂಬುದನ್ನು ಮಾತ್ರ ಬಿಟ್ಟಿಲ್ಲ.